ಕ್ಷುದ್ರಗ್ರಹದೊಳಗೆ ಏನಿದೆ ಎಂದು ಇಲ್ಲಿಂದಲೇ ಹೇಳುವುದು ಹೇಗೆ, ಅದನ್ನು ಎಷ್ಟು ನಂಬಬಹುದು?

ಪ್ರಶ್ನೆ: ಗದಗಿನ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಗದಗ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮುಂದಿನ ತಿಂಗಳು ನಮ್ಮ ವಿಜ್ಞಾನ ಸಂಘದಲ್ಲಿ ಕ್ಷುದ್ರಗ್ರಹಗಳ ಗಣಿಗಾರಿಕೆಯನ್ನು ಕುರಿತು ಮಾತನಾಡಬೇಕಾಗಿದೆ. ವಿಷಯವನ್ನು ಆರಿಸಿದವರು ಮಕ್ಕಳೇ. ಸೈಕಿ ಎಂಬ ಕ್ಷುದ್ರಗ್ರಹ ಇಡಿಯಾಗಿ ಲೋಹದ ಗುಂಡು ಎಂದೂ, ಅದರ ಬೆಲೆ ಒಂದರ ಮುಂದೆ ಹತ್ತೊಂಬತ್ತು ಸೊನ್ನೆ ಬರೆದಷ್ಟು ಡಾಲರ್ ಎಂದೂ ಹೇಳುವ ವಿಡಿಯೊವನ್ನು ಅವರೆಲ್ಲ ನೋಡಿದ್ದಾರೆ.

ನಮ್ಮ ಕಡೆಯ ಮಕ್ಕಳಿಗೆ ಬಂಗಾರದ ಗಣಿಯ ಮಾತು ಹೊಸದಲ್ಲ. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ಜಾಲಗಾರರು ಮರದ ಮರಿಗೆಯಲ್ಲಿ ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಸಂಗತಿಯನ್ನೂ, ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಗಣಿ ತೋಡಿ ಕೈಬಿಟ್ಟದ್ದನ್ನೂ ಅವರು ಮನೆಯಲ್ಲಿ ಕೇಳಿ ಬಲ್ಲರು. ಹಾಗಾಗಿಯೇ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಅಕ್ಕೋರೇ, ಕಾಲ ಕೆಳಗಿನ ಗುಡ್ಡದಾಗ ಎಷ್ಟು ಬಂಗಾರ ಐತಿ ಅನ್ನೂದು ತೋಡಿ ನೋಡಿದ ಮ್ಯಾಲೂ ಪಕ್ಕಾ ಆಗಿಲ್ಲ, ಅಷ್ಟು ದೂರದ ಕಲ್ಲಿನ ರೇಟು ಹೆಂಗ ಹೇಳ್ತಾರ?" ಎಂದು ಕೇಳಿದಾಗ ನಾನು ಬೆಳಕು, ರೋಹಿತ (ತರಂಗಾಂತರಗಳಾಗಿ ಬಿಡಿಸಿದ ಬೆಳಕಿನ ಪಟ್ಟಿ) ಎಂದೆಲ್ಲ ಹೇಳಿ ಜಾರಿಕೊಂಡೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ.

ದೂರದರ್ಶಕದಿಂದ ನಿಜವಾಗಿ ಅಳೆಯುವುದು ಏನನ್ನು, ಅದರಿಂದ ಊಹಿಸಿಕೊಳ್ಳುವುದು ಏನನ್ನು ಎಂಬ ಗೆರೆಯನ್ನು ಯಾರಾದರೂ ಸ್ಪಷ್ಟವಾಗಿ ಎಳೆದು ತೋರಿಸಬೇಕೆಂದು ಕೋರುತ್ತೇನೆ. ಧೂಮಕೇತುಗಳಿಗೂ ಇದೇ ವಿಧಾನ ಸಲ್ಲುತ್ತದೆಯೇ ಎಂಬುದನ್ನೂ ತಿಳಿಸಿ. ಇನ್ನೊಂದು ಮಾತು: ಅದೇ ಹುಡುಗ ಗುಡ್ಡದ ಕಡೆಯಿಂದ ಕಪ್ಪಗಿನ, ಭಾರವಾದ ಕಲ್ಲೊಂದನ್ನು ತಂದು ಉಲ್ಕಾಶಿಲೆ ಎಂದು ಹಟ ಹಿಡಿದಿದ್ದಾನೆ. ಅದು ಈಗ ನನ್ನ ಕಪಾಟಿನಲ್ಲಿದೆ.

ಉತ್ತರ 1: ಧಾರವಾಡದ ನಿವೃತ್ತ ಭೂವಿಜ್ಞಾನಿ

ಶಿಕ್ಷಕಿಯವರಿಗೆ ನಮಸ್ಕಾರ. ಜೀವನವಿಡೀ ಧಾರವಾಡ ಶಿಲಾಪಟ್ಟಿಯ ಕಲ್ಲುಗಳನ್ನು ಸುತ್ತಿಗೆಯಿಂದ ಒಡೆದು ನೋಡಿದವನಾದ್ದರಿಂದ, ಒಡೆಯದೆಯೇ ಕಲ್ಲಿನ ಹೆಸರು ಹೇಳುವವರ ಮೇಲೆ ನನಗೆ ಮೊದಮೊದಲು ಅಷ್ಟಾಗಿ ವಿಶ್ವಾಸವಿರಲಿಲ್ಲ. ಅವರ ಕೆಲಸವನ್ನು ಓದುತ್ತ ಹೋದಂತೆ ಗೌರವ ಬಂತು, ಅನುಮಾನ ಮಾತ್ರ ಪೂರ್ತಿ ಹೋಗಲಿಲ್ಲ. ಆ ಎರಡನ್ನೂ ಇಟ್ಟುಕೊಂಡೇ ಬರೆಯುತ್ತೇನೆ.

ಅಳೆಯುವುದು ಪ್ರತಿಫಲಿತ ಬೆಳಕನ್ನು. ಸೂರ್ಯನ ಬೆಳಕು ಕಲ್ಲಿನ ಮೇಲೆ ಬಿದ್ದು ಹಿಂದಿರುಗುವಾಗ, ಅದರಲ್ಲಿರುವ ಖನಿಜಗಳು ಕೆಲವು ತರಂಗಾಂತರಗಳನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಆಲಿವಿನ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳಲ್ಲಿರುವ ಕಬ್ಬಿಣ 1 ಮೈಕ್ರಾನ್ (ಮೀಟರಿನ ಹತ್ತು ಲಕ್ಷದ ಒಂದು ಪಾಲು) ಸುತ್ತಮುತ್ತ ಬೆಳಕನ್ನು ಹೀರುತ್ತದೆ. ಪೈರಾಕ್ಸೀನ್ ಇದ್ದರೆ 2 ಮೈಕ್ರಾನ್ ಬಳಿ ಇನ್ನೊಂದು ತಗ್ಗು ಕಾಣಿಸಿಕೊಳ್ಳುತ್ತದೆ. ಈ ತಗ್ಗುಗಳ ಆಳ, ಅಗಲ, ನಡುಬಿಂದು ಇವುಗಳಿಂದ ಎರಡು ಖನಿಜಗಳ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಖನಿಜದ ಹರಳಿನೊಳಗೆ ನೀರು ಅಥವಾ ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಕಟ್ಟುಬಿದ್ದಿದ್ದರೆ ಅದರ ಗುರುತು 3 ಮೈಕ್ರಾನ್ ಬಳಿ ಬರುತ್ತದೆ. ಚಂದ್ರಯಾನ-1ರ ಮೇಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮೇಲ್ಮೈಯಲ್ಲಿ ನೀರಿನ ಕುರುಹು ಕಂಡದ್ದು (ಪ್ರಕಟವಾದದ್ದು 2009ರಲ್ಲಿ) ಈ 3 ಮೈಕ್ರಾನ್ ಪ್ರದೇಶದಲ್ಲೇ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಹಿಡಿತ ಸಿಗುತ್ತದೆ. ತೊಡಕೆಂದರೆ, ನಮ್ಮ ವಾಯುಮಂಡಲದ ನೀರಾವಿಯೂ ಅದೇ ಪ್ರದೇಶದ ಬೆಳಕನ್ನು ನುಂಗುತ್ತದೆ. ಮೇಲಾಗಿ ಸೂರ್ಯನಿಗೆ ಹತ್ತಿರವಿರುವ ಕ್ಷುದ್ರಗ್ರಹ ತನ್ನದೇ ಬಿಸಿಯಿಂದ ಅಲ್ಲಿ ಹೊಳೆಯತೊಡಗುವುದರಿಂದ ಆ ಹೊಳಪನ್ನು ಲೆಕ್ಕ ಹಾಕಿ ಕಳೆಯಬೇಕಾಗುತ್ತದೆ.

ಎರಡನೆಯ ಅಳತೆ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಹಿಂದಿರುಗುತ್ತದೆ ಎಂಬುದು. ಚುಕ್ಕೆಯಂತೆ ಕಾಣುವ ಕಾಯ ಚಿಕ್ಕದಾಗಿದ್ದು ಬಿಳಿಯದೋ, ದೊಡ್ಡದಾಗಿದ್ದು ಕರಿಯದೋ ಎಂಬುದು ಗೋಚರ ಬೆಳಕೊಂದರಿಂದಲೇ ತಿಳಿಯುವುದಿಲ್ಲ. ಕಪ್ಪು ಕಾಯ ಹೆಚ್ಚು ಬಿಸಿಯಾಗುವುದರಿಂದ, ಅದು ಹೊರಸೂಸುವ ಅವಕೆಂಪು ಶಾಖವನ್ನೂ ಅಳೆದು ಗಾತ್ರವನ್ನೂ ಪ್ರತಿಫಲನವನ್ನೂ ಬಿಡಿಸುತ್ತಾರೆ. ಹೀಗೆ ಬಂದವೇ ವರ್ಗಗಳು: ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ಮರಳಿಸುವ ಇದ್ದಿಲುಗಪ್ಪಿನ ಸಿ ವರ್ಗ, ನೂರಕ್ಕೆ ಇಪ್ಪತ್ತರ ಆಸುಪಾಸು ಮರಳಿಸುವ ಎಸ್ ವರ್ಗ, ಲೋಹದ್ದಿರಬಹುದೆಂದು ಶಂಕಿಸುವ ಎಂ ವರ್ಗ. ಇಲ್ಲಿಯವರೆಗಿನದು ಅಳತೆ.

ಈ ರೋಹಿತವನ್ನು ನಮ್ಮ ಕೈಯಲ್ಲಿರುವ ಉಲ್ಕಾಶಿಲೆಗಳ ರೋಹಿತದ ಪಕ್ಕದಲ್ಲಿ ಇಟ್ಟು, ಇದು ಅದರಂತೆ ಇದೆ ಎಂದ ಕೂಡಲೇ ಊಹೆ ಶುರುವಾಯಿತು. ಊಹೆ ಹುರುಳಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಎಸ್ ವರ್ಗದ ಕ್ಷುದ್ರಗ್ರಹಗಳು ಸಾಧಾರಣ ಕಾಂಡ್ರೈಟ್ ಎಂಬ ಕಲ್ಲಿನ ಉಲ್ಕಾಶಿಲೆಗಳ ತವರು ಇರಬೇಕೆಂದು ಹಲವರು ನಂಬಿದ್ದರೂ, ಎರಡರ ಬಣ್ಣ ಹೊಂದುತ್ತಿರಲಿಲ್ಲ. ಕ್ಷುದ್ರಗ್ರಹ ಹೆಚ್ಚು ಕೆಂಪಾಗಿ, ಮಂಕಾಗಿ ಕಾಣುತ್ತಿತ್ತು. ದಶಕಗಳ ಈ ಜಗಳ ತೀರಿದ್ದು ಜಪಾನಿನ ಹಯಬುಸ ನೌಕೆ ಇಟೊಕಾವಾ ಎಂಬ ಎಸ್ ವರ್ಗದ ಕ್ಷುದ್ರಗ್ರಹದಿಂದ 2010ರ ಜೂನ್‌ನಲ್ಲಿ ತಂದ, ಕಣ್ಣಿಗೂ ಕಾಣದಷ್ಟು ಸಣ್ಣ ಸುಮಾರು ಸಾವಿರದೈನೂರು ಕಣಗಳಿಂದ. ಖನಿಜಗಳು ಕಾಂಡ್ರೈಟಿನವೇ ಆಗಿದ್ದವು. ಸೌರಮಾರುತ ಮತ್ತು ಸೂಕ್ಷ್ಮ ಉಲ್ಕೆಗಳ ಹೊಡೆತದಿಂದ ಕಣಗಳ ಮೇಲೆ ಅತಿ ಸಣ್ಣ ಕಬ್ಬಿಣದ ಬಿಂದುಗಳ ಪೊರೆ ಕಟ್ಟಿಕೊಂಡಿತ್ತು, ಅಷ್ಟೇ. ನಮ್ಮ ಮಸಾರಿ ನೆಲದ ಕೆಂಪನ್ನು ನೋಡಿ ಅಡಿಯ ಕಲ್ಲೂ ಕೆಂಪೇ ಇರಬೇಕೆಂದು ತಿಳಿಯುವ ಹೊಸ ವಿದ್ಯಾರ್ಥಿಯ ತಪ್ಪಿಗೂ ಇದಕ್ಕೂ ಹತ್ತಿರದ ನಂಟಿದೆ.

ಉತ್ತರ 2: ಬ್ಯಾಡಗಿಯಿಂದ ಒಬ್ಬ ಓದುಗ

ನಾನು ಮೆಣಸಿನಕಾಯಿ ವ್ಯಾಪಾರದವನು. ಆಕಾಶ ನೋಡುವುದು ರಾತ್ರಿಯ ಹವ್ಯಾಸ. ಹಿರಿಯರು ಮೇಲೆ ಬರೆದ ಪೊರೆಯ ಮಾತಿಗೆ ಒಂದನ್ನು ಸೇರಿಸುತ್ತೇನೆ.

ನಮ್ಮ ಪೇಟೆಯಲ್ಲಿ ಬೆಲೆ ಕಟ್ಟುವುದೇ ಬಣ್ಣಕ್ಕೆ. ಕಡ್ಡಿಯಾಗಲಿ ಡಬ್ಬಿಯಾಗಲಿ, ಕಾಯಿಯ ಕೆಂಪು ಎಷ್ಟು ಗಾಢ, ಸುಕ್ಕು ಹೇಗಿದೆ, ಕೈಯಲ್ಲಿ ಹಿಡಿದರೆ ತೇವ ಎಷ್ಟು ತಾಗುತ್ತದೆ ಎಂಬುದನ್ನು ನೋಡಿಯೇ ಟೆಂಡರ್ ಬರೆಯುತ್ತೇವೆ. ಆದರೆ ಚೀಲದ ಬಾಯಲ್ಲಿರುವ ಕಾಯಿಯನ್ನಷ್ಟೇ ನೋಡಿ ಬರೆದವನು ಒಂದು ಹಂಗಾಮಿನಲ್ಲೇ ಪಾಠ ಕಲಿಯುತ್ತಾನೆ, ಏಕೆಂದರೆ ಬಿಸಿಲಿಗೆ ತೆರೆದುಕೊಂಡ ಮೇಲಿನ ಕಾಯಿ ಬಿಳಿಚಿ ಒಣಗಿರುತ್ತದೆ, ಒಳಗಿನದು ಬೇರೆಯೇ ಇರುತ್ತದೆ. ಮೋಸ ಎರಡೂ ದಿಕ್ಕಿನಲ್ಲಿ ಆಗಬಹುದು.

ರ್ಯುಗು ಕ್ಷುದ್ರಗ್ರಹದ ವಿಷಯದಲ್ಲಿ ಆದದ್ದು ಇದೇ. 2018ರಲ್ಲಿ ಹಯಬುಸ-2 ನೌಕೆ ಅಲ್ಲಿಗೆ ತಲುಪಿ ನೋಡಿದಾಗ 3 ಮೈಕ್ರಾನ್ ಪ್ರದೇಶದ ಗುರುತು ಬಹಳ ಮಂಕಾಗಿತ್ತು. ಈ ಕಾಯ ಹಿಂದೊಮ್ಮೆ ಚೆನ್ನಾಗಿ ಕಾದು ನೀರು ಕಳೆದುಕೊಂಡಿರಬೇಕು ಎಂಬ ವಾದ ಆಗ ಬಲವಾಗಿತ್ತು. 2019ರ ಏಪ್ರಿಲ್‌ನಲ್ಲಿ ನೌಕೆ ತಾಮ್ರದ ಗುಂಡೊಂದನ್ನು ಹೊಡೆದು ಹತ್ತು ಮೀಟರಿಗೂ ಅಗಲವಾದ ಕುಳಿ ತೋಡಿತು; ಜುಲೈಯಲ್ಲಿ ಅದರ ಹತ್ತಿರವೇ ಇಳಿದು ಒಳಗಿನಿಂದ ಚಿಮ್ಮಿದ ಪುಡಿಯನ್ನೂ ಎತ್ತಿಕೊಂಡಿತು. ನಾವು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದ ಹಾಗೆ. 2020ರ ಡಿಸೆಂಬರ್‌ನಲ್ಲಿ ಭೂಮಿಗೆ ಬಂದ ಸುಮಾರು 5.4 ಗ್ರಾಂ ಪುಡಿ, ನೀರುಂಡ ಜೇಡಿ ಖನಿಜಗಳೇ ತುಂಬಿರುವ ಸಿಐ ಕಾಂಡ್ರೈಟ್ ಎಂಬ ಬಗೆಯ ಉಲ್ಕಾಶಿಲೆಯನ್ನು ಹೋಲುತ್ತಿತ್ತು. ಒಣಗಿದ್ದು ಹೆಚ್ಚಾಗಿ ಮೇಲಿನ ತೆಳು ಪದರು. ದೂರದಿಂದ ಕಟ್ಟಿದ ಬೆಲೆ ಇಲ್ಲಿ ಕಡಿಮೆಯಾಗಿತ್ತು ಎನ್ನಬೇಕು.

ಬೆನ್ನು ಎಂಬ ಇನ್ನೊಂದು ಕ್ಷುದ್ರಗ್ರಹದಲ್ಲಿ ಹಾಗಾಗಲಿಲ್ಲ. ಒಸೈರಿಸ್-ರೆಕ್ಸ್ ನೌಕೆ 2018ರ ಕೊನೆಯಲ್ಲಿ ಸಮೀಪಿಸುತ್ತಿರುವಾಗಲೇ 2.7 ಮೈಕ್ರಾನ್ ಬಳಿ, ಅಂದರೆ ಅದೇ ಪ್ರದೇಶದಲ್ಲಿ, ಸ್ಪಷ್ಟ ಗುರುತು ಕಂಡಿತು. 2023ರ ಸೆಪ್ಟೆಂಬರ್ 24ರಂದು ಇಳಿದ 121.6 ಗ್ರಾಂ ಮಾದರಿಯಲ್ಲೂ ಜೇಡಿ ಖನಿಜವೇ ಪ್ರಧಾನವಾಗಿತ್ತು. ಆದರೆ ಆ ಮಾದರಿಯಲ್ಲಿ ಸೋಡಿಯಂ ಇರುವ ಫಾಸ್ಫೇಟು, ಉಪ್ಪುನೀರು ಬತ್ತಿ ಉಳಿದ ಲವಣಗಳು ಸಿಗುತ್ತವೆಂದು ದೂರದಿಂದ ನೋಡಿ ಹೇಳಲಾಗಿರಲಿಲ್ಲ.

ಉತ್ತರ 3: ಹುಬ್ಬಳ್ಳಿಯ ಎರಕದ ಮನೆ

ಗೋಕುಲ ರಸ್ತೆಯ ಕಡೆ ಎರಕದ ಕೆಲಸ ಮಾಡಿಸುವವನು ನಾನು. ಮೇಲಿನ ಇಬ್ಬರೂ ನೀರಿನ ಬಗ್ಗೆ ಬರೆದರು. ಮಕ್ಕಳು ಕೇಳಿದ್ದು ಲೋಹದ ಬಗ್ಗೆ. ಲೋಹದ ವಿಷಯದಲ್ಲಿ ದೂರದ ಬೆಳಕು ಇನ್ನೂ ದುರ್ಬಲ ಸಾಕ್ಷಿ ಎಂಬುದನ್ನು ಮುಚ್ಚಿಡಬಾರದು.

ಜೇಡಿಗೆ, ಆಲಿವಿನ್‌ಗೆ ರೋಹಿತದಲ್ಲಿ ತಗ್ಗುಗಳಿವೆ. ಕಬ್ಬಿಣ-ನಿಕ್ಕಲ್ ಲೋಹಕ್ಕೆ ಅಂಥ ಗುರುತೇ ಇಲ್ಲ. ಅದರ ರೋಹಿತ ಕೆಂಪಿನ ಕಡೆಗೆ ತುಸು ಏರುವ ಒಂದು ಸಪಾಟು ಗೆರೆ. ಕಬ್ಬಿಣವಿಲ್ಲದ ಕೆಲವು ಸಿಲಿಕೇಟ್ ಕಲ್ಲುಗಳೂ, ಇದ್ದಿಲುಗಪ್ಪಿನ ಕೆಲವು ಕಾಯಗಳೂ ಹೆಚ್ಚುಕಡಿಮೆ ಅದೇ ಗೆರೆ ತೋರಿಸುತ್ತವೆ. ಅವೆಲ್ಲವನ್ನೂ ಎಕ್ಸ್ ಎಂಬ ಒಂದೇ ಹೆಸರಿನ ಕೆಳಗೆ ಹಾಕಿ, ಪ್ರತಿಫಲನ ಎಷ್ಟೆಂಬುದರಿಂದ ಮಾತ್ರ ಇ, ಎಂ, ಪಿ ಎಂದು ಬೇರ್ಪಡಿಸುತ್ತಾರೆ. ಗುರುತು ಇಲ್ಲದಿರುವುದನ್ನೇ ಗುರುತು ಮಾಡಿಕೊಂಡ ವರ್ಗ ಇದು. 2010ರಲ್ಲಿ ರೊಸೆಟ್ಟಾ ನೌಕೆ ಲುಟೇಶಿಯಾ ಎಂಬ ಕ್ಷುದ್ರಗ್ರಹದ ಪಕ್ಕದಿಂದ ಹಾಯ್ದಾಗ, ಎಂ ವರ್ಗದ್ದೆಂದು ಬಹುಕಾಲ ಎಣಿಸಿದ್ದ ಆ ಕಾಯದ ಸಾಂದ್ರತೆ ಘನ ಸೆಂಟಿಮೀಟರಿಗೆ 3.4 ಗ್ರಾಂ ಎಂದು ತಿಳಿಯಿತು. ಕಬ್ಬಿಣ-ನಿಕ್ಕಲ್‌ನದು 7.8ರ ಸುತ್ತಮುತ್ತ ಇರುತ್ತದೆ. ಹೊಂದುವುದು ಹೇಗೆ?

ಆದ್ದರಿಂದ ಲೋಹವನ್ನು ಹುಡುಕುವವರು ರಾಡಾರ್ ಮತ್ತು ತೂಕವನ್ನು ಕೇಳುತ್ತಾರೆ. ಲೋಹದ ಮೇಲ್ಮೈ ರಾಡಾರ್ ಅಲೆಯನ್ನು ಬಲವಾಗಿ ಮರಳಿಸುತ್ತದೆ, ಒಣ ಪುಡಿಯ ಮೇಲ್ಮೈ ಹಾಗೆ ಮಾಡುವುದಿಲ್ಲ. 1986 ಡಿಎ ಎಂಬ, ಭೂಮಿಯ ಕಕ್ಷೆಗೆ ಸಮೀಪ ಬರುವ ಕ್ಷುದ್ರಗ್ರಹವನ್ನು ಲೋಹದ್ದೆಂದು ಹೆಚ್ಚು ಧೈರ್ಯದಿಂದ ಹೇಳುವುದಕ್ಕೆ ರಾಡಾರೇ ಕಾರಣ. ಸೈಕಿಯಿಂದಲೂ ರಾಡಾರ್ ಪ್ರತಿಧ್ವನಿ ಜೋರಾಗಿ ಬರುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಅದರ ಸರಾಸರಿ ವ್ಯಾಸ ಸುಮಾರು 220 ಕಿ.ಮೀ., ಅಂದರೆ ಹುಬ್ಬಳ್ಳಿಯಿಂದ ಚಿತ್ರದುರ್ಗದ ದಾರಿಗಿಂತ ತುಸು ಉದ್ದ. ಈಗಿನ ಅಂದಾಜಿನ ಪ್ರಕಾರ ಸಾಂದ್ರತೆ 4ರ ಆಸುಪಾಸು. ಇಡೀ ಲೋಹದ ಗುಂಡು ಎಂಬ ಮಾತು ನಿಲ್ಲಬೇಕಾದರೆ ಅದರೊಳಗೆ ಅರ್ಧದಷ್ಟು ಬರೀ ಪೊಳ್ಳು ಇರಬೇಕಾಗುತ್ತದೆ. ಲೋಹ ಮತ್ತು ಕಲ್ಲಿನ ಮಿಶ್ರಣ ಎಂಬುದೇ ಈಗ ಹೆಚ್ಚು ಜನ ಒಪ್ಪುವ ಮಾತು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದರ ಮೈಮೇಲೆ ಹೈಡ್ರಾಕ್ಸಿಲ್ ಗುರುತನ್ನೂ ಕಂಡಿದೆ. ಬೇರೆ ಕ್ಷುದ್ರಗ್ರಹಗಳು ಬಡಿದಾಗ ಅಂಟಿಕೊಂಡದ್ದು ಅದಾಗಿರಬಹುದು.

ಇನ್ನು ಬೆಲೆ. ಕಬ್ಬಿಣದ ಉಲ್ಕಾಶಿಲೆಗಳ ಒಳ್ಳೆಯ ಬಗೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳು ಟನ್ನಿಗೆ ಹತ್ತಾರು ಗ್ರಾಂ ಇರುತ್ತವೆ, ಕೆಲವು ಬಗೆಗಳಲ್ಲಿ ಬಹಳ ಕಡಿಮೆ. ಟನ್ನಿಗೆ ಗ್ರಾಂ ಲೆಕ್ಕದಲ್ಲಿರುವ ವಸ್ತುವನ್ನು ಯಾವ ದೂರದರ್ಶಕವೂ ಪ್ರತಿಫಲಿತ ಬೆಳಕಿನಲ್ಲಿ ಕಾಣಲಾರದು. ಹಾಗಿರುವಾಗ ಸೈಕಿಯ ಪ್ಲಾಟಿನಂ ಇಷ್ಟು ಎಂದು ಹೇಳುವವರು ಭೂಮಿಗೆ ಬಿದ್ದ ಬೇರೊಂದು ಕಲ್ಲಿನ ವರದಿಯನ್ನು ಸೈಕಿಯ ಹೆಸರಿಗೆ ಬರೆಯುತ್ತಿದ್ದಾರೆ. ನಮ್ಮಲ್ಲಿ ಗುಜರಿ ಲಾಟು ಬಂದರೆ ತುಕ್ಕು, ಬಣ್ಣ ಎಲ್ಲ ಉಜ್ಜಿ ತೆಗೆದು ಬಿಳಿ ಲೋಹ ಕಾಣಿಸಿದ ಮೇಲೆಯೇ ಸ್ಪೆಕ್ಟ್ರೋಮೀಟರಿನ ಕಿಡಿ ಹಾಯಿಸುತ್ತೇವೆ. ಒಂದು ತುಂಡಿನ ವರದಿಯಿಂದ ಲಾರಿಗೆ ರೊಕ್ಕ ಕೊಡುವುದಿಲ್ಲ. ಇನ್ನೊಂದು ಲೆಕ್ಕವನ್ನೂ ಮಕ್ಕಳ ಮುಂದಿಡಿ: ಬೆನ್ನುವಿನಿಂದ ಬಂದ 121.6 ಗ್ರಾಂಗೆ ಆದ ವೆಚ್ಚ ನೂರು ಕೋಟಿ ಡಾಲರಿಗೂ ಮಿಕ್ಕಿತ್ತು. ಅದು ವಿಜ್ಞಾನಕ್ಕೆ ಮಾಡಿದ ಖರ್ಚು, ಗಣಿಯದಲ್ಲ, ನಿಜ. ಆದರೂ ಅದಿರು ಎಂಬ ಹೆಸರು ಕಲ್ಲಿಗೆ ಬರುವುದು ತೆಗೆಯುವ ಖರ್ಚು ಕಳೆದು ಏನಾದರೂ ಉಳಿದಾಗ ಮಾತ್ರ. ನಿಮ್ಮ ಕಪ್ಪತಗುಡ್ಡದ ಹಳೆಯ ಗಣಿಗಳು ಮುಚ್ಚಿದ್ದು ಅಲ್ಲಿ ಬಂಗಾರವೇ ಇಲ್ಲ ಎಂದಲ್ಲ.

ಉತ್ತರ 1ರ ಮುಂದುವರಿಕೆ: ಧಾರವಾಡದ ನಿವೃತ್ತ ಭೂವಿಜ್ಞಾನಿ

ಎರಕದ ಮನೆಯವರ ಮಾತನ್ನು ಒಪ್ಪುತ್ತೇನೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ. ಅನುಮಾನವನ್ನು ನೀರಿಗೂ ಲೋಹಕ್ಕೂ ಸಮನಾಗಿ ಹಂಚಬೇಕಾಗಿಲ್ಲ. ಸಿ ವರ್ಗದ ಕಾಯದ ಮೇಲೆ 3 ಮೈಕ್ರಾನ್ ತಗ್ಗು ಕಂಡರೆ ಅಲ್ಲಿ ನೀರುಂಡ ಖನಿಜ ಇದೆ ಎಂಬುದು ಬಹುಮಟ್ಟಿಗೆ ಗಟ್ಟಿ. ಎಷ್ಟಿದೆ ಎಂಬುದಷ್ಟೇ ಸಡಿಲು. ಸಿಐ ಬಗೆಯ ಉಲ್ಕಾಶಿಲೆಗಳಲ್ಲಿ ತೂಕದ ನೂರಕ್ಕೆ ಹತ್ತಕ್ಕೂ ಹೆಚ್ಚು ನೀರು ಖನಿಜದಲ್ಲಿ ಕಟ್ಟುಬಿದ್ದಿರುತ್ತದೆ, ಕಾಯಿಸಿದರೆ ಹೊರಬರುತ್ತದೆ. ಅದನ್ನು ಭೂಮಿಗೆ ತಂದು ಮಾರುವ ಯೋಚನೆ ಯಾರಿಗೂ ಇಲ್ಲ. ಜಲಜನಕ-ಆಮ್ಲಜನಕವಾಗಿ ಒಡೆದು ಬಾಹ್ಯಾಕಾಶದಲ್ಲೇ ಇಂಧನವಾಗಿ ಬಳಸುವುದು ಗಣಿ ತೋಡಬೇಕೆನ್ನುವವರ ಲೆಕ್ಕಾಚಾರ. ಹೀಗಾಗಿ, ದೂರದಿಂದ ಅಂದಾಜು ಮಾಡಲು ಸುಲಭವಾದ ವಸ್ತುವೇ ಮೊದಲು ತೆಗೆಯಲು ಯೋಗ್ಯವಾದದ್ದೂ ಆಗಿರುವಂತೆ ತೋರುತ್ತದೆ.

ವರ್ಗದ ಹೆಸರನ್ನು ಇಡೀ ಕಾಯಕ್ಕೆ ಹಚ್ಚುವಾಗಲೂ ಎಚ್ಚರ ಬೇಕು. 2008ರ ಅಕ್ಟೋಬರ್ 6ರಂದು ಪತ್ತೆಯಾದ 2008 ಟಿಸಿ3 ಎಂಬ ನಾಲ್ಕು ಮೀಟರ್ ಆಸುಪಾಸಿನ ಕಾಯ ಮರುದಿನವೇ ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ಬೀಳುವ ಮೊದಲೇ ಅದರ ರೋಹಿತ ದಾಖಲಾಗಿತ್ತು. ಒಂದೇ ಗೆರೆ, ಒಂದೇ ವರ್ಗ. ನೆಲದಲ್ಲಿ ಆರಿಸಿದ ನೂರಾರು ತುಂಡುಗಳಲ್ಲಿ ಹೆಚ್ಚಿನವು ಯೂರಿಲೈಟ್ ಎಂಬ ವಿರಳ ಬಗೆಯವು, ಉಳಿದವುಗಳಲ್ಲಿ ಬೇರೆಬೇರೆ ಕಾಂಡ್ರೈಟುಗಳೂ ಇದ್ದವು. ನಾಲ್ಕು ಮೀಟರಿನ ಕಲ್ಲೇ ಹೀಗೆ ಸಂತೆಯಾಗಿದ್ದರೆ ನಾನೂರು ಮೀಟರಿನದನ್ನು ಒಂದೇ ಅಕ್ಷರದಿಂದ ಕರೆಯುವುದು ನಮ್ಮ ಅನುಕೂಲಕ್ಕೆ ಮಾತ್ರ.

ಧೂಮಕೇತುವಿನ ವಿಧಾನ ಬೇರೆ. ಅದರ ಗಟ್ಟಿ ನಡುಭಾಗ ಇದ್ದಿಲಿಗಿಂತ ಕರಿದಾದ ಧೂಳಿನಿಂದ ಮುಚ್ಚಿರುವುದರಿಂದ ಮಂಜುಗಡ್ಡೆ ನೇರವಾಗಿ ಕಾಣುವುದೇ ಅಪರೂಪ. ಆದರೆ ಸೂರ್ಯನ ಹತ್ತಿರ ಬಂದಾಗ ಅದು ತನ್ನ ಒಡಲನ್ನು ತಾನೇ ಹೊರಗೆ ಚೆಲ್ಲುತ್ತದೆ. ಆವಿಯಾದ ನೀರು ಒಡೆದು ಹುಟ್ಟುವ ಹೈಡ್ರಾಕ್ಸಿಲ್ 308 ನ್ಯಾನೋಮೀಟರ್ ಬಳಿ ಹೊಳೆಯುತ್ತದೆ, ಸಯನೋಜನ್ ತುಣುಕು 388ರಲ್ಲಿ, ಇಂಗಾಲದ ಜೋಡಿ ಪರಮಾಣು ಹಸಿರಿನಲ್ಲಿ. ಪ್ರತಿ ಸೆಕೆಂಡಿಗೆ ಎಷ್ಟು ನೀರು ಹೊರಬೀಳುತ್ತಿದೆ ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ರೊಸೆಟ್ಟಾ 2014ರಿಂದ 2016ರವರೆಗೆ 67ಪಿ ಧೂಮಕೇತುವಿನ ಜೊತೆಯಲ್ಲೇ ಸಾಗಿ ಆ ಅನಿಲವನ್ನು ಮೂಸಿಯೇ ನೋಡಿತು. ಅದರ ನೀರಿನಲ್ಲಿ ಭಾರ ಜಲಜನಕದ ಪಾಲು ನಮ್ಮ ಸಮುದ್ರದ ನೀರಿನ ಮೂರರಷ್ಟು ಇತ್ತು. ಸಾಂದ್ರತೆ ನೀರಿನ ಅರ್ಧದಷ್ಟೇ; ಮಂಜುಗಡ್ಡೆಯ ಜೊತೆ ಅದಕ್ಕಿಂತ ಭಾರವಾದ ಧೂಳೂ ಇರುವುದರಿಂದ ಒಳಗೆ ಸುಮಾರು ಮುಕ್ಕಾಲು ಪಾಲು ಪೊಳ್ಳು ಇರಬೇಕು.

ತೋಡುವವನಿಗೆ ಕಷ್ಟ ಕೊಡುವುದು ಇನ್ನೊಂದು ಗುಣ. 2014ರ ನವೆಂಬರ್ 12ರಂದು ರೊಸೆಟ್ಟಾದಿಂದ 67ಪಿ ಮೇಲೆ ಇಳಿದ ಫಿಲೆ ಎಂಬ ಪುಟ್ಟ ನೌಕೆ ಕೊನೆಗೆ ನಿಂತ ಜಾಗದಲ್ಲಿ ಸುತ್ತಿಗೆಯಿಂದ ಕುಟ್ಟಿದರೂ ಅದರ ಕಡ್ಡಿ ನೆಲಕ್ಕೆ ಇಳಿಯಲಿಲ್ಲ; ಅದೇ ಫಿಲೆ ಪುಟಿಯುವಾಗ ತಾಗಿದ ಇನ್ನೊಂದು ದಿಬ್ಬವನ್ನು ವಿಜ್ಞಾನಿಗಳು ಕಾಫಿಯ ನೊರೆಗೆ ಹೋಲಿಸಿದರು. ಏನಿದೆ ಎಂದು ತಿಳಿದರೂ ಅದು ಯಾವ ಹದದಲ್ಲಿದೆ ಎಂದು ತಿಳಿಯದಿದ್ದರೆ ಯಂತ್ರ ಮಾಡುವುದು ಹೇಗೆ?

ಕಪಾಟಿನ ಕಲ್ಲಿಗೆ ಬರೋಣ. ಹೊಳಪಿಲ್ಲದ ಟೈಲ್ಸಿನ ಹಿಂಬದಿಯ ಮೇಲೆ ಗೀಚಿ ನೋಡಿ. ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನಟೈಟ್ ಎಂದು ತಿಳಿಯಿರಿ; ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆಯನ್ನೇ ಬಿಡುವುದಿಲ್ಲ. ಆಯಸ್ಕಾಂತವನ್ನು ನಂಬಬೇಡಿ, ಮ್ಯಾಗ್ನಟೈಟೂ ಅದಕ್ಕೆ ಅಂಟುತ್ತದೆ. ಆಮೇಲೆ ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ತೂಗುಹಾಕಿ ಇನ್ನೊಮ್ಮೆ ತೂಗಿ, ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ಕಬ್ಬಿಣದ ಉಲ್ಕೆಯಾದರೆ ಏಳರ ಮೇಲೆ ಬರಬೇಕು.

ಶಿಕ್ಷಕಿಯ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಇಂದು ತರಗತಿಯಲ್ಲೇ ಮಾಡಿ ನೋಡಿದೆವು. ಗೆರೆ ಕೆಂಪಾಗಿಯೇ ಬಂತು. ಕೊಕ್ಕೆಯ ತಕ್ಕಡಿಯಲ್ಲಿ ಕಲ್ಲು ಗಾಳಿಯಲ್ಲಿ 640 ಗ್ರಾಂ, ನೀರಿನಲ್ಲಿ 475 ಗ್ರಾಂ ತೂಗಿತು. ಸಾಂದ್ರತೆ ಸುಮಾರು 3.9. ತೊಳೆದ ಮೇಲೆ ಕಪ್ಪಿನ ನಡುವೆ ಬಿಳಿಯ ತೆಳು ಪಟ್ಟಿಗಳೂ ಕಂಡವು. ಹುಡುಗನ ಮುಖ ಸಣ್ಣದಾದರೂ ಅವನು ಬಿಡಲಿಲ್ಲ: ಸೈಕಿಯನ್ನು ಯಾವ ಬಕೆಟ್ಟಿನಲ್ಲಿ ಮುಳುಗಿಸಿದರು ಎಂದು ಕೇಳುತ್ತಿದ್ದಾನೆ.

ಉತ್ತರ 1: ಧಾರವಾಡದ ನಿವೃತ್ತ ಭೂವಿಜ್ಞಾನಿ

ಬಿಳಿಯ ಪಟ್ಟಿಗಳು ಇದ್ದರೆ ಅದು ನಿಮ್ಮ ಗುಡ್ಡದ ಪಟ್ಟೆ ಕಬ್ಬಿಣಶಿಲೆಯೇ ಇರಬೇಕು. ವಯಸ್ಸಿನಲ್ಲಿ ಅದೂ ಇನ್ನೂರೈವತ್ತು ಕೋಟಿ ವರ್ಷಕ್ಕೆ ಕಡಿಮೆಯದಲ್ಲ ಎಂದು ಹುಡುಗನಿಗೆ ಹೇಳಿ.

ಸೈಕಿಗೆ ಬಕೆಟ್ಟಿಲ್ಲ. ಅದರ ಹತ್ತಿರದಿಂದ ಹಾಯುವ ಬೇರೆ ಕ್ಷುದ್ರಗ್ರಹಗಳ ದಾರಿ ಅದರ ಸೆಳೆತದಿಂದ ಕೂದಲೆಳೆಯಷ್ಟು ಬಾಗುತ್ತದೆ. ವರ್ಷಗಟ್ಟಲೆ ನೋಡಿ ಆ ಬಾಗನ್ನು ಅಳೆದರೆ ತೂಕ ಸಿಗುತ್ತದೆ. ಗಾತ್ರಕ್ಕೆ ದೊಡ್ಡ ದೂರದರ್ಶಕಗಳ ಚಿತ್ರ, ರಾಡಾರ್, ಜೊತೆಗೆ ಅದು ನಕ್ಷತ್ರವೊಂದನ್ನು ಮರೆಮಾಡುವಾಗ ಬೀಳುವ ನೆರಳು. ವ್ಯಾಸದಲ್ಲಿ ನೂರಕ್ಕೆ ಐದು ತಪ್ಪಿದರೆ ಘನ ಅಳತೆಯಲ್ಲಿ ನೂರಕ್ಕೆ ಹದಿನೈದು ತಪ್ಪುತ್ತದೆ ಎಂಬುದನ್ನು ಅವನೇ ಲೆಕ್ಕ ಮಾಡಲಿ. 2023ರ ಅಕ್ಟೋಬರ್ 13ರಂದು ಹೊರಟ ನೌಕೆ 2029ರ ಆಗಸ್ಟ್‌ನಲ್ಲಿ ಸೈಕಿಯನ್ನು ತಲುಪಬೇಕು. ಅದು ಸುತ್ತತೊಡಗಿದ ಮೇಲೆ, ಅದರ ರೇಡಿಯೊ ಸಂಕೇತದ ಏರಿಳಿತದಿಂದ ತೂಕವನ್ನು ಇನ್ನೂ ನಿಖರವಾಗಿ ಹೇಳುತ್ತಾರೆ. ವಿಶ್ವಕಿರಣಗಳು ಬಡಿದಾಗ ಮೇಲಿನ ಒಂದು ಮೀಟರಿನೊಳಗಿಂದ ಹೊರಡುವ ಗಾಮಾ ಕಿರಣ ಮತ್ತು ನ್ಯೂಟ್ರಾನುಗಳಿಂದ ಕಬ್ಬಿಣ, ನಿಕ್ಕಲ್ ಎಷ್ಟೆಂಬುದನ್ನೂ ಎಣಿಸುತ್ತಾರೆ. ಪ್ಲಾಟಿನಂ ಆಗಲೂ ಆ ಎಣಿಕೆಗೆ ಸಿಗುವುದಿಲ್ಲ.